ಮಂದೆಯ ಜೀಪು

ಆ ಜೀಪು ಮೊದಲ ರಕ್ತ ಕಂಡದ್ದು ರಸ್ತೆಗಿಳಿಯುವುದಕ್ಕೂ ಮುಂಚೆ, ಬಾಬುರಾಯನಕೊಪ್ಪಲಿನ ಕುಳ್ಳಯ್ಯನ ವೆಲ್ಡಿಂಗ್ ಶೆಡ್ಡಿನಲ್ಲಿ. ಹಿಂದಿನ ಚಕ್ರದ ಸ್ಪ್ರಿಂಗ್ ಪಟ್ಟಾ ಬಿಚ್ಚುವ ಕೆಲಸ ನಡೆದಿತ್ತು. ಒಂದರ ಮೇಲೊಂದು ಪೇರಿಸಿ ಬಿಗಿದ ಉಕ್ಕಿನ ಪಟ್ಟಿಗಳು. ನಡುವಿನ ಬೋಲ್ಟು ಕಳಚಿದರೆ ವರ್ಷಗಟ್ಟಲೆ ಅದುಮಿಟ್ಟದ್ದೆಲ್ಲ ಒಂದೇ ಏಟಿಗೆ ಎದ್ದು ಬರುತ್ತದೆ. ಕುಳ್ಳಯ್ಯ ಕ್ಲ್ಯಾಂಪು ಹಿಡಿದಿದ್ದ, ಕನಕರಾಜು ಸ್ಪ್ಯಾನರು ತಿರುಗಿಸುತ್ತಿದ್ದ. ಕ್ಲ್ಯಾಂಪು ಜಾರಿತು. ಮೇಲಿನ ಪಟ್ಟಿ ಟಗರು ಹಾಯ್ದಂತೆ ಹಾಯ್ದು ಕನಕರಾಜುವಿನ ಗದ್ದಕ್ಕೆ ಬಡಿಯಿತು. ಅವನು ಹಿಂದಿದ್ದ ಟೈರುಗಳ ಮೇಲೆ ಹೋಗಿ ಬಿದ್ದ. ಎದ್ದಾಗ ಬಾಯಿ ತುಂಬ ಉಪ್ಪು. ಉಗುಳಿದರೆ ಕೆಂಪಿನ ಜೊತೆ ಒಂದು ಹಲ್ಲೂ ಬಂತು.

ಕುಳ್ಳಯ್ಯ ಗಾಬರಿಯಾದರೂ ನಾಲಿಗೆ ಸುಮ್ಮನಿರುವ ಆಸಾಮಿಯಲ್ಲ. “ಐಸ್ಕೂಲ್ ಮಕ್ಳಿಗೆ ಸ್ಪ್ರಿಂಗ್ ಪಾಠ ಮಾಡ್ತೀರಂತೆ ಮೇಷ್ಟ್ರೆ. ಇವತ್ತು ಸ್ಪ್ರಿಂಗೇ ನಿಮ್ಗೆ ಪಾಠ ಮಾಡ್ತು ಬುಡಿ” ಎಂದು ಎಣ್ಣೆಬಟ್ಟೆಯನ್ನೇ ಮೂತಿಗೆ ಒತ್ತಿದ. ಕನಕರಾಜು ನೋವಿನಲ್ಲೂ ನಕ್ಕ. ನಾಗಮಂಗಲದ ಖಾಸಗಿ ಶಾಲೆಯೊಂದರಲ್ಲಿ ಅವನು ವಿಜ್ಞಾನದ ಮೇಷ್ಟ್ರು. ಹಿಗ್ಗಿಸಿದ ವಸ್ತು ಹಿಗ್ಗಿಸಿದಷ್ಟೇ ಬಲದಿಂದ ಹಿಂದಕ್ಕೆ ಬರುತ್ತದೆ ಎಂದು ಹಿಂದಿನ ವಾರವಷ್ಟೇ ಬೋರ್ಡಿನ ಮೇಲೆ ಬರೆದಿದ್ದ.

ಜೀಪಿನ ಕಥೆ ಶುರುವಾದದ್ದೂ ಒಂದು ಏಟಿನಿಂದಲೇ. ಅದಕ್ಕೂ ಹಿಂದಿನ ವರ್ಷ ಮಂದೆಯ ಮುಂದಾಳು ಟಗರು ಅವನಪ್ಪ ದೊಡ್ಡಬೀರಯ್ಯನ ಮೊಣಕಾಲಿಗೆ ಹಾಯ್ದು ಚಿಪ್ಪು ಒಡೆದುಹಾಕಿತ್ತು. ಕಾಲು ಕೂಡಿಕೊಂಡಿತು, ಆದರೆ ನಡಿಗೆ ಹೋಯಿತು. ಹೊಣಕೆರೆ ಕಡೆಯ ಕುರಿಮಂದೆಗಳಿಗೆ ನಡಿಗೆಯೇ ಬದುಕು. ಸಂಕ್ರಾಂತಿ ಕಳೆದ ಮೇಲೆ ಬೆದ್ದಲಲ್ಲಿ ಮೇವು ಮುಗಿಯುತ್ತದೆ. ಆಗ ಮೇಲುಕೋಟೆ ಬೆಟ್ಟ ದಾಟಿ, ಪಾಂಡವಪುರದ ನಾಲೆ ಬಯಲಿಗಿಳಿದು, ಕೊಯ್ಲಾದ ಗದ್ದೆಗಳಲ್ಲಿ ಮೇಯಿಸುತ್ತ ಯುಗಾದಿಯ ಹೊತ್ತಿಗೆ ಶ್ರೀರಂಗಪಟ್ಟಣದ ಹೊಳೆದಂಡೆ ಸೇರಬೇಕು. ರಾತ್ರಿ ಒಬ್ಬೊಬ್ಬರ ಹೊಲದಲ್ಲಿ ಮಂದೆ ಬೀಳಬೇಕು. ಹಿಕ್ಕೆ, ಗಂಜಳ ಹೊಲದವನಿಗೆ. ರಾಗಿ, ಉಪ್ಪು, ಎಲೆಯಡಿಕೆ ಕುರಿಯವನಿಗೆ. ದೊಡ್ಡಬೀರಯ್ಯನ ಅಪ್ಪನ ಕಾಲದಿಂದಲೂ ಬಂದದ್ದು ಇದು.

ಕಾಲು ಬಾರದ ಮೇಲೆ ದೊಡ್ಡಬೀರಯ್ಯ ಒಂದೇ ಮಾತು ಹೇಳಿದ್ದ. ಈ ಸಂಕ್ರಾಂತಿಗೆ ತಾನು ಮಂದೆಯ ಜೊತೆ ಹೋಗಲಾಗದಿದ್ದರೆ ಅಷ್ಟೂ ಕುರಿಗಳನ್ನು ಕಸಾಯಿಯವರ ಲಾರಿಗೆ ಹತ್ತಿಸುವುದು. ಆಳು ಮುದ್ದಯ್ಯ ನಂಬಿಗಸ್ಥನೇ, ಆದರೆ ಒಬ್ಬನೇ ಮಂದೆ ನಡೆಸುವ ಗಟ್ಟಿಗನಲ್ಲ. ಹೆಂಡತಿ ಪ್ರೇಮಮ್ಮ ಅತ್ತಳು. ದೊಡ್ಡಬೀರಯ್ಯ ಅಳಲಿಲ್ಲ, ಊಟ ಕಡಿಮೆ ಮಾಡಿದ. ಕುರಿ ಮಾರಿದ ಆರು ತಿಂಗಳಿಗೆ ಅಪ್ಪನನ್ನೂ ಹೊತ್ತು ಹಾಕಬೇಕಾಗುತ್ತದೆ ಎಂದು ಕನಕರಾಜುವಿಗೆ ಅನ್ನಿಸಿದ್ದು ಆಗಲೇ.

ಜೀಪು ಸಿಕ್ಕಿದ್ದು ಕೆ.ಆರ್. ಪೇಟೆಯಲ್ಲಿ. ಮಿಲಿಟರಿ ಹರಾಜಿನಲ್ಲಿ ಯಾರೋ ಕೊಂಡು, ಅವರಿಂದ ಇನ್ಯಾರೋ ಕೊಂಡು, ಕಡೆಗೆ ಕೋಳಿ ಸಾಗಿಸಿ ಸಾಗಿಸಿ ಬೇಲಿಯ ಮಗ್ಗುಲಲ್ಲಿ ನಿಲ್ಲಿಸಿದ್ದ ಗಾಡಿ. ತಳದಲ್ಲಿ ತುಕ್ಕು ತಿಂದ ತೂತುಗಳು, ಸೀಟಿನಡಿ ಕೋಳಿಗರಿ. ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಗೇರುಪೆಟ್ಟಿಗೆ ಮಾತ್ರ ಕಲ್ಲಿನ ಹಾಗಿತ್ತು. ಮೇಷ್ಟ್ರ ಸಂಬಳದಲ್ಲಿ ಹೊಸದೇನೂ ತರುವಂತಿರಲಿಲ್ಲ, ಹಾಗಾಗಿ ಹಳೆಯದನ್ನೇ ಹುಡುಕಿದ. ಗುಜರಿಗೆ ಬಂದ ಟೆಂಪೋದ ಪಟ್ಟಾ ಹಾಕಿ ಗಾಡಿಯನ್ನು ಒಂದು ಗೇಣು ಎತ್ತರಿಸಿದರು. ಆಸ್ಪತ್ರೆಯೊಂದು ಬಿಸಾಡಿದ ಕಬ್ಬಿಣದ ಮಂಚವನ್ನು ಕತ್ತರಿಸಿ, ಅಪ್ಪ ಕಾಲು ಚಾಚಿ ಮಲಗುವಂತೆ ಹಿಂದೆ ಕೂರಿಸಿದರು. ನೀರಿಗೆ ಡೇರಿಯ ಹಳೇ ಹಾಲಿನ ಕ್ಯಾನುಗಳು. ಪಕ್ಕಕ್ಕೆ ಬಿಚ್ಚಿ ಬಿದಿರುಗಳ ಮೇಲೆ ಕಟ್ಟಿದರೆ ಚಪ್ಪರವಾಗುವ ಲಾರಿ ಟಾರ್ಪಾಲು. ಮಂಚದ ಕೆಳಗೆ ಹಲಗೆಯ ಒಂದು ಗೂಡು, ಗಾಳಿಗೆ ತೂತುಗಳು, ಒಳಗೆ ಹುಲ್ಲು. ದಾರಿಯಲ್ಲಿ ಹುಟ್ಟುವ ಮರಿಗಳಿಗೆ. ಹಿಂದೆಲ್ಲ ಅವುಗಳನ್ನು ಕಂಬಳಿಯ ಜೋಳಿಗೆಯಲ್ಲಿ ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದರು.

ಮುಂದಿನ ಬಂಪರಿನ ಮೇಲೆ, ಕಲ್ಲು ಕ್ವಾರಿಯೊಂದು ಮಾರಿದ ವಿಂಚು ಕೂತಿತು. ಕೆಸರಿನಲ್ಲಿ ಹೂತರೆ ತಂತಿಹಗ್ಗವನ್ನು ಮರಕ್ಕೆ ಬಿಗಿದು ಗಾಡಿ ತನ್ನನ್ನು ತಾನೇ ಎಳೆದುಕೊಳ್ಳಲಿ ಎಂದು. ಹಗ್ಗವೂ ಕ್ವಾರಿಯದೇ. ಒಂದು ಕಡೆ ಎಳೆಗಳು ಕಿತ್ತು ಮುಳ್ಳಿನ ಹಾಗೆ ಎದ್ದಿದ್ದವು. ಬದಲಾಯಿಸಿ ಎಂದ ಕುಳ್ಳಯ್ಯ. ಈ ವರ್ಷ ಸಾಗಲಿ ಎಂದ ಕನಕರಾಜು. ಹಗ್ಗ ಬಿಗಿದಾಗಲೆಲ್ಲ ಮೇಲೊಂದು ಕಂಬಳಿ ಹೊದಿಸಿದರೆ ಸಾಕು, ತುಂಡಾದರೂ ಕಂಬಳಿಯ ಭಾರಕ್ಕೆ ನೆಲಕ್ಕೆ ಬೀಳುತ್ತದೆ ಎಂದು ಅವನು ಓದಿ ತಿಳಿದಿದ್ದ. ಮುದ್ದಯ್ಯನಿಗೂ ಅದನ್ನು ಕಲಿಸಿದ. ಕುರುಬರ ಗಾಡಿಯಲ್ಲಿ ಕಂಬಳಿಗೇನು ಬರ.

ತೊಂಬತ್ತಾರರ ಸಂಕ್ರಾಂತಿ ಕಳೆದು ಮಂದೆ ಹೊರಟಿತು. ಮುದ್ದಯ್ಯ ಕುರಿಗಳ ಜೊತೆ ನಡೆದ. ಹಿಂದೆ ಮೊದಲನೇ ಗೇರಿನಲ್ಲಿ ಜೀಪು. ಕನಕರಾಜು ಶಾಲೆಗೆ ರಜೆ ಹಾಕಿದ್ದ. ದೊಡ್ಡಬೀರಯ್ಯ ಮಂಚದ ಮೇಲೆ ದಿಂಬಿಗೊರಗಿ, ಕೋಲು ಹಿಡಿದು, ಹಿಂದಿನಿಂದಲೇ ಮಂದೆ ನಡೆಸುತ್ತಿದ್ದ. “ಮದ್ವೇಲೂ ನಿಮ್ ತಾತ ನಂಗೆ ಇಂಥ ಮಂಚ ಕೊಟ್ಟಿರ್ನಿಲ್ಲ ಕಣ್ಲಾ” ಎಂದು ಮಗನನ್ನು ರೇಗಿಸಿದ. ಒಡೆದ ಮೊಣಕಾಲಿನ ನಂತರ ಅವನು ನಕ್ಕದ್ದು ಅದೇ ಮೊದಲು. ಮೇಲುಕೋಟೆ ದಾಟುವಷ್ಟರಲ್ಲಿ ಮೂರು ಕುರಿ ಈದವು. ಮರಿಗಳು ಗೂಡಿನಲ್ಲಿ ಬೆಚ್ಚಗೆ ಕೂತು, ಗಾಡಿ ನಿಂತಾಗಲೆಲ್ಲ ಕೂಗುತ್ತಿದ್ದವು.

ಬೆಟ್ಟ ಇಳಿದ ಮೇಲೆ ಮೊದಲ ಮಂದೆ ಬೀಳಬೇಕಾದದ್ದು ಚಿಕ್ಕಸ್ವಾಮಿಯ ಹೊಲದಲ್ಲಿ. ಅದಕ್ಕೆ ಕಾರಣವಿತ್ತು. ಹಿಂದೊಂದು ವರ್ಷ ಕುರಿಗಳಿಗೆ ರೋಗ ಬಂದು, ಯಾವ ಊರಿನವರೂ ಅವನ್ನು ಎಲ್ಲೆಯೊಳಗೆ ಬಿಟ್ಟುಕೊಳ್ಳದಿದ್ದಾಗ ಚಿಕ್ಕಸ್ವಾಮಿಯ ಅಪ್ಪ ತನ್ನ ಬೇಲಿ ತಾನೇ ಕಿತ್ತು ಮಂದೆಯನ್ನು ಒಳಗೆ ಬಿಟ್ಟಿದ್ದ. ಅಂದಿನಿಂದ ವರ್ಷದ ಮೊದಲ ಮಂದೆ ಆ ಹೊಲದ್ದು. ಆ ದಿನ ಅವರ ಮನೆಯಲ್ಲಿ ಹಬ್ಬ, ನೆಂಟರು. ಯಜಮಾನಿ ಮೊರದಲ್ಲಿ ರಾಗಿ ತಂದು ಮುಂದಾಳು ಟಗರಿಗೆ ಕರ್ಪೂರ ಬೆಳಗಿ, ರಾಗಿಯನ್ನು ಕುರಿಯವನ ಮಡಿಲಿಗೆ ಸುರಿಯಬೇಕು. ಆಮೇಲೆಯೇ ಉಳಿದವರ ಹೊಲ.

ಆ ಹೊಲಕ್ಕೆ ಇಳಿಯುವುದು ಒಂದು ಕೊರಕಲು ದಾರಿ. ಎರಡೂ ಕಡೆ ಬಂಡೆ, ಕೆಳಗೆ ಹಳ್ಳ, ಹಳ್ಳದ ಮೇಲಿನ ಚಪ್ಪಡಿ ಅರ್ಧ ಮುರಿದಿತ್ತು. ಕನಕರಾಜು ಇಳಿದು ಮಾರಿನಿಂದ ಅಳೆದ, ಇಳಿಜಾರು ನೋಡಿದ, ಚಕ್ರದ ಅಗಲ ನೆನೆದ. ಆಗದು ಎಂದು ಲೆಕ್ಕ ಹಾಕಿದ. ಟಾರು ರಸ್ತೆಯಲ್ಲಿ ಸುತ್ತಿ ಹೋದರೆ ಮೊದಲು ಸಿಗುವುದು ಹೊನ್ನಪ್ಪನ ಹೊಲ. ರಸ್ತೆಗೇ ಅಂಟಿದೆ, ಬೋರ್‌ವೆಲ್ ಇದೆ, ಹೊಂಗೆಯ ನೆರಳಿದೆ.

“ಮೊದ್ಲು ಅಲ್ಲೇ ಬೀಳ್ಬೇಕಲ್ಲಲಾ” ಎಂದ ದೊಡ್ಡಬೀರಯ್ಯ. ಆಮೇಲೆ ತನ್ನ ಕಾಲು ನೋಡಿಕೊಂಡ, ಮಂಚ ನೋಡಿಕೊಂಡ. “ಎರಡು ರಾತ್ರಿ ತಾನೆ. ಏಳಿ ಕಳ್ಸಿದ್ರಾಯ್ತು ಬುಡು.”

ಹೇಳಿ ಕಳಿಸುವ ಹೊಣೆಯನ್ನು ಹೊನ್ನಪ್ಪ ತಾನೇ ಹೊತ್ತುಕೊಂಡ. ಅವನಿಗೂ ಚಿಕ್ಕಸ್ವಾಮಿಗೂ ಬದುವಿನ ವಿಷಯದಲ್ಲಿ ಮಾತು ಬಿಟ್ಟು ವರ್ಷಗಳಾಗಿದ್ದದ್ದು ಅಪ್ಪನಿಗೆ ಗೊತ್ತಿತ್ತು, ಮಗನಿಗೂ ಗೊತ್ತಿತ್ತು. ನೆರಳು ತಂಪಾಗಿತ್ತು. ಇಬ್ಬರೂ ಅದನ್ನು ನೆನೆಯಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಕನಕರಾಜು ಜೀಪಿನಡಿ ಮಲಗಿ ಗ್ರೀಸು ತುಂಬುತ್ತಿದ್ದಾಗ ಟ್ರಾಕ್ಟರಿನ ಸದ್ದು ಕೇಳಿಸಿತು. ನಾಲ್ಕೈದು ಜೊತೆ ಕಾಲುಗಳು ಇಳಿದದ್ದು ಕಂಡಿತು. ತಲೆ ಹೊರಗೆ ಹಾಕುವಷ್ಟರಲ್ಲಿ ಮುಂದಿನ ಗಾಜು ಸಿಡಿದು ಮೈಮೇಲೆ ಸುರಿಯಿತು.

ಚಿಕ್ಕಸ್ವಾಮಿ ಕೈಯಲ್ಲಿ ಬಿದಿರ ದೊಣ್ಣೆ. ಐವತ್ತು ದಾಟಿದ, ಅಗಲ ಎದೆಯ ಗಂಡಸು, ದನಿ ಎತ್ತರಿಸುವವನಲ್ಲ. ಆಗಲೂ ಎತ್ತರಿಸಲಿಲ್ಲ. ಕತ್ತಲಾಗುವವರೆಗೆ ತನ್ನ ಹೆಂಡತಿ ಮೊರ ಹಿಡಿದು ಹೊಲದಲ್ಲಿ ನಿಂತಿದ್ದಳು ಎಂದ. ನೆಂಟರೆಲ್ಲ ನೋಡುತ್ತಿದ್ದರು ಎಂದ. “ಆಮೇಲೆ ಈ ಹೊನ್ನಪ್ಪನ ಆಳು ಬಂದ. ‘ಎಂಜಲು ಬೇಕಾದ್ರೆ ನಾಡಿದ್ದು ಬತ್ತದೆ, ಇಸ್ಕಳಿ’ ಅಂದ. ಅಂಗಂತ ಏಳಿ ಕಳ್ಸಿದ್ದು ನೀವೇನಾ?”

ಅಲ್ಲ ಎನ್ನಲು ಕನಕರಾಜು ಬಾಯಿ ತೆರೆದ. ಹೊನ್ನಪ್ಪನ ಕಡೆ ತಿರುಗಿದರೆ ಅವನ ಮನೆಯ ಬಾಗಿಲು ಮುಚ್ಚಿತ್ತು. ಅಷ್ಟರಲ್ಲಿ ಮಂದೆಯ ನಾಯಿ ಚಿಕ್ಕಸ್ವಾಮಿಯ ಭಾವಮೈದ ಕುಮಾರನ ತೊಡೆಗೆ ಬಾಯಿ ಹಾಕಿತ್ತು. ಕುಮಾರ ಮಚ್ಚು ಬೀಸಿದ. ನಾಯಿ ಕೂಗಲೂ ಇಲ್ಲ. ಬೆನ್ನಿನ ಮಧ್ಯೆ ಎರಡಾದಂತೆ ಕುಸಿದು, ಮುಂದಿನ ಕಾಲುಗಳಲ್ಲಿ ಮಾತ್ರ ತೆವಳುತ್ತ ಜೀಪಿನಡಿ ಬಂತು.

ಆಮೇಲೆ ಮಾತು ಉಳಿಯಲಿಲ್ಲ. ಕನಕರಾಜುವಿನ ಕೈಗೆ ಸಿಕ್ಕಿದ್ದು ಇಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲು. ಅದನ್ನು ಕುಮಾರನ ಹೆಗಲಿಗೆ ಬಿಟ್ಟ. ಒಣ ತೊಗರಿಕಡ್ಡಿ ಮುರಿದಂಥ ಸದ್ದು ಬಂತು, ಮಚ್ಚು ಕೆಳಗೆ ಬಿತ್ತು. ಆ ಸದ್ದು ಕೇಳಿ ಕನಕರಾಜುವಿಗೆ ಆದದ್ದು ಸಂತೋಷ. ಜೀವಮಾನದಲ್ಲಿ ಯಾರ ಮೇಲೂ ಕೈಯೆತ್ತದವನು ಇನ್ನೊಮ್ಮೆ ಹ್ಯಾಂಡಲು ಎತ್ತಿದ. ಹಿಂದಿನಿಂದ ಯಾರೋ ಸೊಂಟಕ್ಕೆ ಒದ್ದರು. ನೆಲಕ್ಕೆ ಬಿದ್ದವನ ಪಕ್ಕೆಗೆ, ತೊಡೆಗೆ, ಹೊಲಿಗೆ ಇನ್ನೂ ಮಾಗದ ಗದ್ದಕ್ಕೆ ಏಟುಗಳು ಬಿದ್ದವು. ಬಿದ್ದಲ್ಲಿಂದಲೇ ಅವನಿಗೆ ಕಂಡಿತು: ಒಬ್ಬ ಹಾರೆ ಎತ್ತಿ ಜೀಪಿನ ಮಗ್ಗುಲಿಗೆ ಹೊಡೆಯುತ್ತಿದ್ದ. ಹಾಲಿನ ಕ್ಯಾನು ತೂತಾಗಿ ನೀರು ಚಿಮ್ಮಿತು. ಮುಂದಿನ ಏಟು ಮಂಚದ ಕೆಳಗಿನ ಗೂಡಿಗೆ. ಒಳಗಿನಿಂದ ಮರಿಗಳು ಕೂಗಿದವು. ಹಾರೆಯವನಿಗೆ ಒಳಗೆ ಮರಿಗಳಿದ್ದದ್ದು ಗೊತ್ತಿರಲಿಲ್ಲ. ಕೂಗು ಕೇಳಿದ ಮೇಲೆ ಗೊತ್ತಾಯಿತು. ಆದರೂ ಎತ್ತಿದ ಹಾರೆ ಇನ್ನೊಮ್ಮೆ ಇಳಿಯಿತು. ಕೂಗು ನಿಂತಿತು.

ಚಿಕ್ಕಸ್ವಾಮಿಯ ದೊಣ್ಣೆ ಕನಕರಾಜುವಿನ ತಲೆಗೆ ಬರುತ್ತಿತ್ತು. ಮಂಚದಿಂದ ಯಾವಾಗ ಇಳಿದನೋ, ಹೇಗೆ ಬಂದನೋ, ದೊಡ್ಡಬೀರಯ್ಯ ಮಗನ ಮೇಲೆ ಬಿದ್ದ. ಏಟು ಅವನ ಕತ್ತಿನ ಬುಡಕ್ಕೆ ಬಿತ್ತು. ಹೆಗಲೆಲುಬು ಮುರಿದು, ಚರ್ಮ ಸೀಳಿ ತುದಿ ಹೊರಗೆ ಇಣುಕಿತು.

ಚಿಕ್ಕಸ್ವಾಮಿ ದೊಣ್ಣೆ ಕೆಳಗಿಳಿಸಿದ. ಮುಖ ಬಿಳುಚಿತ್ತು. “ನೀನ್ಯಾಕಣ್ಣ ಅಡ್ಡ ಬಂದೆ” ಎಂದ, ತಪ್ಪು ಅವನದೇ ಎನ್ನುವ ಹಾಗೆ. ಚಿಕ್ಕಂದಿನಿಂದ ಅವನು ದೊಡ್ಡಬೀರಯ್ಯನನ್ನು ಅಣ್ಣ ಎಂದೇ ಕರೆದವನು. ಒಂದು ಗಳಿಗೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕುಮಾರ ಮುರಿದ ಹೆಗಲು ಹಿಡಿದು ನರಳುತ್ತಿದ್ದ, ಜೊತೆಗೆ ಬಂದವರು ನೋಡುತ್ತಿದ್ದರು. ಬಂದ ಕೆಲಸ ಬಿಟ್ಟು ಹೋಗಲು ಅವನಿಗೂ ದಾರಿ ಇರಲಿಲ್ಲ. ಅವರು ಮುದ್ದಯ್ಯನಿಗೆ ಎರಡು ಬಿಟ್ಟು, ಮಂದೆಯನ್ನು ಹೊಡೆದುಕೊಂಡು ಹೋದರು.

ಕನಕರಾಜು ಅಪ್ಪನನ್ನು ಮಂಚದ ಮೇಲೆ ಕಂಬಳಿ ಹಾಸಿ ಮಲಗಿಸಿ, ಪಾಂಡವಪುರದ ಆಸ್ಪತ್ರೆಗೆ ಹೊರಟು ಗಾಡಿ ಚಾಲೂ ಮಾಡುತ್ತಿದ್ದಾಗ ಮುದ್ದಯ್ಯ ಏದುತ್ತ ವಾಪಸು ಬಂದ. ಅವನು ಮಂದೆಯ ಹಿಂದೆಯೇ ಹೋಗಿದ್ದ. ಕುರಿಗಳನ್ನು ಚಿಕ್ಕಸ್ವಾಮಿ ತನ್ನ ಆಲೆಮನೆಯ ಅಂಗಳಕ್ಕೆ ಕೂಡಿ ಗೇಟಿಗೆ ಬೀಗ ಹಾಕಿದ್ದ. ಹಸಿದ ಕುರಿಗಳು ಅಲ್ಲಿ ಕಬ್ಬಿನ ಹಾಲಿನ ತೊಟ್ಟಿಗೆ, ಬೆಲ್ಲದ ಮಡ್ಡಿಗೆ ಬಾಯಿ ಹಾಕಿದ್ದವು.

ಕನಕರಾಜುವಿಗೆ ಅದರ ಅರ್ಥ ಗೊತ್ತಿತ್ತು. ಅಷ್ಟು ಸಿಹಿ ಕುರಿಯ ಹೊಟ್ಟೆಯಲ್ಲಿ ಹುಳಿಯುತ್ತದೆ, ಹುಳಿಗೆ ಹೊಟ್ಟೆ ಉಬ್ಬುತ್ತದೆ, ಉಬ್ಬಿದ ಹೊಟ್ಟೆ ಉಸಿರನ್ನು ಒತ್ತುತ್ತದೆ. ಹೊರಗೆ ಬಿಟ್ಟು ನಡೆಸದಿದ್ದರೆ ಸಂಜೆಯೊಳಗೆ ಮಂದೆಯೇ ಇರುವುದಿಲ್ಲ. ದೊಡ್ಡಬೀರಯ್ಯನಿಗೂ ಗೊತ್ತಿತ್ತು. “ಆಸ್ಪತ್ರೆ ಆಮೇಲೆ. ಮೊದ್ಲು ಕುರಿ” ಎಂದ, ಹಲ್ಲು ಕಚ್ಚಿಕೊಂಡು.

ಟಾರು ರಸ್ತೆಯ ಸುತ್ತು ದೂರ. ಕನಕರಾಜು ಕೊರಕಲು ದಾರಿಗೇ ತಿರುಗಿಸಿದ. ಕೆಳಗಿನ ಗೇರಿಗೆ ಹಾಕಿ, ಬ್ರೇಕು ಮುಟ್ಟದೆ, ಇಂಜಿನ್ನಿನ ಹಿಡಿತದಲ್ಲೇ ಬಿಟ್ಟ. ಬಲಗಡೆಯ ಬಂಡೆ ಮಡ್‌ಗಾರ್ಡನ್ನು ಸಿಪ್ಪೆಯ ಹಾಗೆ ಸುಲಿಯಿತು. ಮುರಿದ ಚಪ್ಪಡಿಯ ಮೇಲೆ ಹಿಂದಿನ ಒಂದು ಚಕ್ರ ಗಾಳಿಯಲ್ಲಿ ತೇಲಿತು. ಮಂಚದಿಂದ ಅಪ್ಪನ ಚೀತ್ಕಾರ ಕೇಳಿತು. ಟೆಂಪೋದ ಪಟ್ಟಾ ಬಾಗಿತು, ಹಿಡಿಯಿತು. ಜೀಪು ದಾಟಿತು. ಹಿಂದಿನ ದಿನ ಆಗದು ಎಂದು ಅವನೇ ಲೆಕ್ಕ ಹಾಕಿದ್ದ ದಾರಿ.

ಆಲೆಮನೆಗೆ ಕಲ್ಲಿನ ಕಾಂಪೌಂಡು, ಕಲ್ಲುಗಂಬಕ್ಕೆ ಕೂರಿಸಿದ ಕಬ್ಬಿಣದ ಗೇಟು. ಒಳಗೆ ಕುರಿಗಳು ಒಂದರ ಮೇಲೊಂದು ಒತ್ತಿ ನಿಂತಿದ್ದವು. ಕೆಲವು ಆಗಲೇ ಹಲ್ಲು ಕಡಿಯುತ್ತ, ಎಡಪಕ್ಕೆ ನಗಾರಿಯಂತೆ ಉಬ್ಬಿ, ಮಲಗಿಬಿಟ್ಟಿದ್ದವು. ಕುಮಾರನನ್ನು ಉಳಿದವರು ಟ್ರಾಕ್ಟರಿನಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಗೇಟಿನೊಳಗೆ ಚಿಕ್ಕಸ್ವಾಮಿ. ಅವನ ಹಿಂದೆ, ಬಾಗಿಲ ಬಳಿ, ಅವನ ಹೆಂಡತಿ ಬೆಟ್ಟಮ್ಮ.

ಕನಕರಾಜು ಹೊಟ್ಟೆ ಉಬ್ಬುವ ವಿಷಯ ಹೇಳಿದ. ಬೇಡಿಕೊಂಡ ಎಂದರೂ ತಪ್ಪಲ್ಲ. ಚಿಕ್ಕಸ್ವಾಮಿ ನಂಬಲಿಲ್ಲ. “ಮೂರು ದಿನ ಇಲ್ಲೇ ಇರ್ತವೆ. ನನ್ ಹೊಲಕ್ಕೆ ಬೀಳ್ಬೇಕಾದ ಗೊಬ್ರ ಗುಡಿಸ್ಕೊಂಡು ಬುಡ್ತೀನಿ. ಒಂದು ಕುರಿ ಮುಟ್ಟಾಕಿಲ್ಲ, ನಾನೇನು ಕಳ್ಳ ಅಲ್ಲ” ಎಂದ. “ನಿನ್ ಪಾಠ ಸ್ಕೂಲಲ್ಲಿ ಇಟ್ಕೊ.”

ಮಾತಾಡುತ್ತಿದ್ದ ಹಾಗೆಯೇ ಇನ್ನೊಂದು ಕುರಿ ಮಂಡಿಯೂರಿತು.

ಕನಕರಾಜು ವಿಂಚಿನ ತಂತಿಹಗ್ಗ ಬಿಚ್ಚಿ ಕೊಕ್ಕೆಯನ್ನು ಮುದ್ದಯ್ಯನ ಕೈಗೆ ಕೊಟ್ಟ. ಮುದ್ದಯ್ಯ ಅದನ್ನು ಗೇಟಿನ ಸರಳಿಗೆ ಸಿಕ್ಕಿಸಿ, ಕಲಿತ ಪಾಠ ಮರೆಯದೆ, ಕಂಬಳಿಗಾಗಿ ಸುತ್ತ ನೋಡಿದ. ಇದ್ದ ಒಂದು ಕಂಬಳಿ ದೊಡ್ಡಬೀರಯ್ಯನ ಅಡಿಯಲ್ಲಿ ರಕ್ತ ಕುಡಿದು ಕಪ್ಪಾಗಿತ್ತು. ಉಳಿದವು ಹೊನ್ನಪ್ಪನ ಹೊಲದಲ್ಲೇ ಬಿದ್ದಿದ್ದವು. “ಬುಡು ಮುದ್ದಣ್ಣ” ಎಂದ ಕನಕರಾಜು. ವಿಂಚಿನ ಕೊಂಡಿ ಭದ್ರ ಮಾಡಿ, ಕೆಳಗಿನ ಗೇರಿನಲ್ಲಿ ಹಿಂದಕ್ಕೆ ಬಿಟ್ಟ.

ಹಗ್ಗ ನೆಲದಿಂದ ಎದ್ದು ಬಿಗಿಯಿತು. ನಾಲ್ಕೂ ಚಕ್ರ ಮಣ್ಣು ಕಚ್ಚಿದವು. ಕಲ್ಲುಗಂಬದಲ್ಲಿ ಗಾರೆ ಉದುರಿತು, ಗೇಟು ಒಂದು ಕಡೆ ವಾಲಿತು. ಆಗ ಚಿಕ್ಕಸ್ವಾಮಿ, ಕುಮಾರನ ಮಚ್ಚು ಹಿಡಿದು, ವಾಲಿದ ಗೇಟಿನ ಸಂದಿಯಿಂದ ಹೊರಗೆ ಬಂದ. ಹಗ್ಗದ ಪಕ್ಕ ನಿಂತು, ಕಬ್ಬಿನ ಜಲ್ಲೆಗೆ ಹೊಡೆಯುವ ಹಾಗೆ ಹೊಡೆದ.

ಮಚ್ಚು ಕಿಡಿ ಹಾರಿಸಿ ಪುಟಿಯಿತು. ಹಗ್ಗ ವೀಣೆಯ ತಂತಿಯ ಹಾಗೆ ನುಡಿಯಿತು. ಎಳೆಗಳು ಎದ್ದಿದ್ದ ಜಾಗ ಅವನ ಎದುರಿಗೇ ಇತ್ತು. ಅಲ್ಲಿ ಒಂದೊಂದೇ ಎಳೆ ಟಿಕ್ ಟಿಕ್ ಎಂದು ಬಿಡತೊಡಗಿತು. ಚಿಕ್ಕಸ್ವಾಮಿಯೂ ಅದನ್ನು ನೋಡಿದ. ಇನ್ನೊಂದು ಏಟು ಸಾಕು ಎಂದು ಅವನಿಗೆ ತೋರಿರಬೇಕು. ಮಚ್ಚು ಎತ್ತುತ್ತ, ಗಾಜಿಲ್ಲದ ಚೌಕಟ್ಟಿನ ಮೂಲಕ ನೇರವಾಗಿ ಕನಕರಾಜುವಿನ ಮುಖ ನೋಡಿದ.

ಕನಕರಾಜುವಿನ ಎಡಗಾಲು ಕ್ಲಚ್ಚಿನ ಮೇಲೇ ಇತ್ತು. ಒತ್ತಿದ್ದರೆ ಗಾಡಿ ಒಂದು ಮೊಳ ಮುಂದೆ ಉರುಳುತ್ತಿತ್ತು, ಹಗ್ಗ ಸತ್ತ ಬಳ್ಳಿಯ ಹಾಗೆ ನೆಲಕ್ಕೆ ಬೀಳುತ್ತಿತ್ತು. ಇಲ್ಲವೇ ಒಂದು ಮಾತು ಕೂಗಿದ್ದರೂ ಸಾಕಿತ್ತು. ಬಿಗಿದ ಹಗ್ಗದಲ್ಲಿ ಏನಿದೆ, ತುಂಡಾದರೆ ಯಾವ ಕಡೆ ಹೋಗುತ್ತದೆ, ಆ ಅಂಗಳದಲ್ಲಿ ತಿಳಿದಿದ್ದವನು ಅವನೊಬ್ಬನೇ. ಅವನಿಗೆ ಕೇಳಿಸುತ್ತಿದ್ದದ್ದು ಗೂಡಿನೊಳಗಿನ ಕೂಗು, ಅದು ನಿಂತ ರೀತಿ. ಕಾಲು ಕದಲಲಿಲ್ಲ. ಬಾಯಿ ತೆರೆಯಲಿಲ್ಲ. ತಲೆಯನ್ನು ಮಾತ್ರ ಸ್ಟಿಯರಿಂಗಿನ ಕೆಳಗೆ ಬಗ್ಗಿಸಿದ.

ಸದ್ದು ಕೋವಿಯ ಹಾಗೆ ಬಂತು. ಜೀಪಿನ ಕಡೆಯ ತುಂಡು ಬಾನೆಟ್ಟಿಗೆ ಅಪ್ಪಳಿಸಿ ತಗಡು ಸೀಳಿತು. ಗೇಟಿನ ಕಡೆಯ ತುಂಡು ಚಿಕ್ಕಸ್ವಾಮಿಯ ಬಲ ಮುಂಗೈಗೆ ಎರಡು ಸುತ್ತು ಸುತ್ತಿ, ಬಿಗಿದು, ಹಾದುಹೋಯಿತು. ಅವನು ಬೀಳಲಿಲ್ಲ. ನಿಂತೇ ತನ್ನ ಕೈ ಇರಬೇಕಾದ ಕಡೆ ನೋಡುತ್ತಿದ್ದ. ಮಚ್ಚು ಹಿಡಿದ ಬೆರಳುಗಳು ಮಚ್ಚಿನ ಜೊತೆಗೇ ಕಬ್ಬಿನ ಸಿಪ್ಪೆಯ ಮೇಲೆ ಬಿದ್ದಿದ್ದವು. ಮೊಂಡಿನಿಂದ ರಕ್ತ ಪಂಪಿನ ನೀರಿನಂತೆ ತುಂಡು ತುಂಡಾಗಿ ಚಿಮ್ಮಿತು. ಆಮೇಲೆ ಮಂಡಿ ಮಡಿಸಿದ.

ಎಲ್ಲರಿಗಿಂತ ಮೊದಲು ಅಲುಗಿದವನು ದೊಡ್ಡಬೀರಯ್ಯ. ಮುರಿದ ಹೆಗಲು ಒಂದು ಕೈಯಲ್ಲಿ ಒತ್ತಿಕೊಂಡು ಮಂಚದಿಂದ ಕೆಳಗೆ ಜಾರಿದ. “ಎತ್ತಾಕ್ರೋ ಅವನ್ನ ಇದರ ಮ್ಯಾಲೆ” ಎಂದ. ಕನಕರಾಜು ಚಿಕ್ಕಸ್ವಾಮಿಯ ಮೊಣಕೈ ಮೇಲೆ ಸೈಕಲ್ ಟ್ಯೂಬು ಬಿಗಿದ. ಬೆಟ್ಟಮ್ಮ ಸೊಂಟದಿಂದ ಕೀಲಿಕೈ ಕಿತ್ತು ಮುದ್ದಯ್ಯನ ಮುಖಕ್ಕೆ ಎಸೆದು, ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಕೂತಳು.

ಪಾಂಡವಪುರದಲ್ಲಿ ಕಟ್ಟು ಹಾಕಿ ಮೈಸೂರಿಗೆ ಕಳಿಸಿದರು. ಬಾಬುರಾಯನಕೊಪ್ಪಲು ದಾಟುವಾಗ, ಕುಳ್ಳಯ್ಯನ ಶೆಡ್ಡಿನ ಮುಂದೆ, ಚಿಕ್ಕಸ್ವಾಮಿಗೆ ಒಂದಿಷ್ಟು ಎಚ್ಚರ ಬಂತು.

“ಮಂದೆ ಎಲ್ಲಿ ಬಿತ್ತು?” ಎಂದು ಕೇಳಿದ.

ಕನಕರಾಜು ರಸ್ತೆ ನೋಡುತ್ತಲೇ ಹೇಳಿದ: “ನಿಮ್ ಹೊಲದಲ್ಲೇ.” ನಿಜವೋ ಸುಳ್ಳೋ ಅವನಿಗೆ ಗೊತ್ತಿರಲಿಲ್ಲ.

ಕೈಯನ್ನು ಮೊಣಕೈವರೆಗೂ ತೆಗೆದರು. ಜೀವ ಉಳಿಯಿತು. ಮರುದಿನ ಬೆಳಿಗ್ಗೆ ಮಗಳು, ಅಳಿಯ ಬಂದ ಮೇಲೆ ಬೆಟ್ಟಮ್ಮ ದನ ಕರೆಯಲು, ಬಟ್ಟೆ ತರಲು ಊರಿಗೆ ಹೋಗಬೇಕು ಎಂದಳು. ಬಸ್ಸಿಗೆ ಕಾಯದೆ ಜೀಪು ಹತ್ತಿದಳು. ಸೀಳಿದ ಬಾನೆಟ್ಟು ಗಾಳಿಗೆ ಬಡಿದುಕೊಳ್ಳುತ್ತಿತ್ತು.

ಮಂದೆ ಚಿಕ್ಕಸ್ವಾಮಿಯ ಹೊಲದಲ್ಲೇ ಬಿದ್ದಿತ್ತು. ದೊಡ್ಡಬೀರಯ್ಯ ನಾಟಿಕಟ್ಟು ಕಟ್ಟಿಸಿಕೊಂಡ ತೋಳನ್ನು ಎದೆಗೆ ಬಿಗಿದು ಕುರಿಗಳ ನಡುವೆ ಕೂತಿದ್ದ. ರಾತ್ರಿಯೆಲ್ಲ ಅವನು, ಮುದ್ದಯ್ಯ ಉಬ್ಬಿದ ಕುರಿಗಳಿಗೆ ಎಣ್ಣೆ ಕುಡಿಸಿ, ಎಬ್ಬಿಸಿ ನಡೆಸಿದ್ದರು. ಉಳಿಯದವು ಬದುವಿನ ಮೇಲೆ ಸಾಲಾಗಿ ಮಲಗಿದ್ದವು. ಉಳಿದವು ಸತ್ತವಕ್ಕಿಂತ ಹೆಚ್ಚಿದ್ದವು. ಮುಂದಾಳು ಟಗರು ಉಳಿದಿತ್ತು.

ಬೆಟ್ಟಮ್ಮ ಒಳಗೆ ಹೋದಳು. ದನ ಕರೆದಳು. ಮುಖ ತೊಳೆದು, ಕುಂಕುಮವಿಟ್ಟು, ಮೊರದ ತುಂಬ ರಾಗಿ ಹಾಕಿಕೊಂಡು ಹೊಲಕ್ಕೆ ಬಂದಳು.